ಅಜ್ಜಿಯ ಗಾಲಿಕುರ್ಚಿಗೂ ಹಣ ಕಿತ್ತ ಏಜೆಂಟು: ಹಿರಿಯರೊಂದಿಗೆ ಹೊರದೇಶಕ್ಕೆ ಹೊರಡುವವರು ದಯವಿಟ್ಟು ಓದಿ

ಹಿರಿಯರನ್ನು ಕರೆದುಕೊಂಡು ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೊರಟಿರುವವರು ಟಿಕೆಟ್ ಏಜೆಂಟರ ಕೈಗೆ ಹಣ ಕೊಡುವ ಮುನ್ನ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅಜ್ಜಿಯನ್ನು ಅತ್ತೆಯ ಮನೆಗೆ ಕರೆದೊಯ್ಯಲು ಹೊರಟ ನಾವು ವಿಮಾನ ನಿಲ್ದಾಣದ ಚೆಕ್‌-ಇನ್ ಕೌಂಟರಿನಿಂದಲೇ ಮನೆಗೆ ವಾಪಸಾದೆವು. ತಾಯಿ ಮಗಳು ಮುಖ ನೋಡಿ ವರ್ಷಗಳೇ ಕಳೆದಿದ್ದವು, ಅತ್ತ ಅತ್ತೆ ಕೆಲಸಕ್ಕೆ ರಜೆ ಹಾಕಿ ಕಾಯುತ್ತಿದ್ದರು.

ಅಜ್ಜಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇವೆ, ಆದ್ದರಿಂದ ವಿಮಾನ ಬದಲಾಯಿಸುವುದಿದ್ದರೆ ಎರಡೂ ಒಂದೇ ಟಿಕೆಟ್ಟಿನಲ್ಲಿರಬೇಕು ಎಂದು ನಾನು ಏಜೆಂಟರಿಗೆ ಬರವಣಿಗೆಯಲ್ಲಿಯೇ ತಿಳಿಸಿದ್ದೆ. "ಸರ್, ನಿಮ್ಮ ಅಜ್ಜಿ ಅಂದರೆ ನಮ್ಮ ಅಜ್ಜಿ ಇದ್ದ ಹಾಗೆ. ಒಂದೇ ಟಿಕೆಟ್, ಲಗೇಜು ನೇರ ಕೊನೆಯ ನಿಲ್ದಾಣಕ್ಕೇ ಹೋಗುತ್ತದೆ, ನೀವು ಕೈಬೀಸಿಕೊಂಡು ಹೋಗಿ" ಎಂದು ಅವರು ಉತ್ತರಿಸಿದ್ದರು. ಟಿಕೆಟ್ ದರದ ಮೇಲೆ ಗಾಲಿಕುರ್ಚಿಯ ವ್ಯವಸ್ಥೆಗೆಂದು ಒಂದು ಮೊತ್ತ, ಪ್ರಯಾಣ ವಿಮೆಗೆಂದು ಇನ್ನೊಂದು ಮೊತ್ತ ಪಡೆದರು. ಕೈಗೆ ಬಂದದ್ದು ಅವರದೇ ಕಚೇರಿಯ ತಲೆಬರಹವಿದ್ದ ಒಂದು ಹಾಳೆ. ಅದರಲ್ಲಿ ಎರಡು ವಿಮಾನಗಳ ವಿವರ ಒಂದರ ಕೆಳಗೊಂದು ಇತ್ತು, ಮೇಲ್ಗಡೆ ಒಂದೇ ಒಂದು ಸಂಖ್ಯೆ ದಪ್ಪಕ್ಷರದಲ್ಲಿತ್ತು. ಆ ಸಂಖ್ಯೆ ವಿಮಾನ ಸಂಸ್ಥೆಯದ್ದಲ್ಲ, ಏಜೆಂಟರ ಕಚೇರಿಯದ್ದು ಎಂಬುದು ಗೊತ್ತಾದದ್ದು ಕೌಂಟರಿನ ಮುಂದೆ ನಿಂತಾಗ.

ಕೌಂಟರಿನಲ್ಲಿದ್ದ ಹುಡುಗಿ ಬಹಳ ಹೊತ್ತು ಪರದೆ ನೋಡಿದಳು, ನಮ್ಮ ಪಾಸ್‌ಪೋರ್ಟುಗಳನ್ನು ಮತ್ತೆ ಮತ್ತೆ ತಿರುವಿದಳು, ಕೊನೆಗೆ "ಮಧ್ಯದ ದೇಶದ ವೀಸಾ ಎಲ್ಲಿದೆ?" ಎಂದು ಕೇಳಿದಳು. ನಾವು ಅಲ್ಲಿ ವಿಮಾನ ಬದಲಾಯಿಸುವುದು ಮಾತ್ರ ಎಂದೆ. ಆಗ ಅವಳು ವಿವರಿಸಿದಳು: ಇವು ಬೇರೆ ಬೇರೆ ಸಂಸ್ಥೆಗಳ ಎರಡು ಬಿಡಿ ಟಿಕೆಟ್ಟುಗಳು, ಎರಡಕ್ಕೂ ಬೇರೆ ಬೇರೆ ಬುಕಿಂಗ್ ಸಂಖ್ಯೆ, ಅಂದರೆ ಪಿಎನ್‌ಆರ್ ಇದೆ, ನಮ್ಮ ಲಗೇಜು ಮಧ್ಯದ ನಿಲ್ದಾಣದವರೆಗೆ ಮಾತ್ರ ಹೋಗುತ್ತದೆ, ಅಲ್ಲಿ ವಲಸೆ ತಪಾಸಣೆ ದಾಟಿ ಹೊರಬಂದು, ಪೆಟ್ಟಿಗೆಗಳನ್ನು ತೆಗೆದುಕೊಂಡು, ಎರಡನೆಯ ಸಂಸ್ಥೆಯ ಕೌಂಟರಿನಲ್ಲಿ ಮತ್ತೆ ಕೊಡಬೇಕು, ಹಾಗೆ ಹೊರಬರಲು ಆ ದೇಶದ ವೀಸಾ ಬೇಕೇ ಬೇಕು. ವೀಸಾ ಇಲ್ಲದೆ ಹತ್ತಿಸುವಂತಿಲ್ಲ.

ಸರಿ, ಇಷ್ಟಾದರೂ ಮನಸ್ಸು ಗಟ್ಟಿಯಾಗಿಯೇ ಇತ್ತು. ನಾನು ನಿಜವಾಗಿ ಕುಸಿದದ್ದು ಮುಂದಿನ ಮಾತಿಗೆ. ಹಣ ಕಟ್ಟಿ ಗಾಲಿಕುರ್ಚಿ ಕಾದಿರಿಸಿದ್ದೇವಲ್ಲ, ಅದನ್ನಾದರೂ ತರಿಸಿ, ಅಜ್ಜಿ ಕುಳಿತುಕೊಳ್ಳಲಿ ಎಂದೆ. "ನಿಮ್ಮ ಬುಕಿಂಗಿನಲ್ಲಿ ಅಂಥ ಕೋರಿಕೆಯೇ ಇಲ್ಲ ಸರ್. ಅಲ್ಲದೆ ಅದಕ್ಕೆ ನಾವು ಹಣ ತೆಗೆದುಕೊಳ್ಳುವುದೇ ಇಲ್ಲ" ಎಂದಳು. ತೆಗೆದುಕೊಳ್ಳುವುದೇ ಇಲ್ಲ! ಹಿಂದಿದ್ದ ಸಾಲಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅಜ್ಜಿ ನನ್ನ ತೋಳು ಹಿಡಿದು "ಏನಂತೆ ಮಗಾ, ವಿಮಾನ ತಡವಂತೇನು?" ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಆ ಹುಡುಗಿಯೇ ಪುಣ್ಯಕ್ಕೆ ಒಂದು ಕುರ್ಚಿ ತರಿಸಿ ಕೂರಿಸಿದಳು, ಒಂದು ಪೈಸೆ ಕೇಳಲಿಲ್ಲ.

ಅಲ್ಲಿಂದಲೇ ಏಜೆಂಟರಿಗೆ ಕರೆ ಮಾಡಿದೆ. ಅವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. "ಟ್ರಾನ್ಸಿಟ್ ವೀಸಾ ಬೇಕೇ ಎಂದು ನೀವು ಕೇಳಲೇ ಇಲ್ಲವಲ್ಲ ಸರ್." "ಎಲ್ಲರೂ ಹೀಗೇ ಹೋಗುತ್ತಾರೆ, ನಿಮಗೊಬ್ಬರಿಗೇ ತೊಂದರೆಯಾಗಿದೆ." "ಕೌಂಟರಿನವರ ಹತ್ತಿರ ಸ್ವಲ್ಪ ಜೋರಾಗಿ ಮಾತಾಡಿ, ಬಿಡುತ್ತಾರೆ." ಗಾಲಿಕುರ್ಚಿಯ ಹಣದ ಬಗ್ಗೆ ಕೇಳಿದಾಗ "ಬಿಲ್ಲಿನಲ್ಲಿ ಗಾಲಿಕುರ್ಚಿ ಎಂದು ಎಲ್ಲಿದೆ ಸರ್? ವಿಶೇಷ ನೆರವಿನ ಶುಲ್ಕ ಎಂದಿದೆ" ಎಂದರು. ಇದನ್ನು ಹೇಳುವಾಗ ಅವರ ದನಿಯಲ್ಲಿ ಅಳುಕಿನ ಸುಳಿವೂ ಇರಲಿಲ್ಲ.

ಮನೆಗೆ ಬಂದು ವಿಮೆಯ ಕಾಗದ ಬಿಡಿಸಿ ನೋಡಿದರೆ ಅಲ್ಲಿಯೂ ಅದೇ ಕೈಚಳಕ. ಮೊದಲಿನಿಂದ ಇರುವ ಕಾಯಿಲೆಗಳ ಪ್ರಶ್ನೆಗೆ ನಮ್ಮನ್ನು ಕೇಳದೆಯೇ "ಯಾವುದೂ ಇಲ್ಲ" ಎಂದು ತುಂಬಿಸಿದ್ದರು. ಅಜ್ಜಿ ಅಲ್ಲಿ ಸಕ್ಕರೆ ಏರುಪೇರಾಗಿ ಆಸ್ಪತ್ರೆ ಸೇರಿದ್ದರೆ, ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂದು ವಿಮಾ ಸಂಸ್ಥೆ ಕೈತೊಳೆದುಕೊಳ್ಳಲು ಆ ಒಂದು ಸಾಲು ಸಾಕಾಗಿತ್ತು. ನಿಲ್ದಾಣದಿಂದ ವಾಪಸಾದದ್ದೇ ಒಳ್ಳೆಯದಾಯಿತೇನೋ ಎಂದು ಆ ಕ್ಷಣ ಅನ್ನಿಸಿತು.

ಆಮೇಲೆ ವಿಮಾನ ಸಂಸ್ಥೆಯಿಂದಲೇ ನೇರವಾಗಿ, ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಿದೆವು. ಅಜ್ಜಿಯ ಹೆಸರಿನ ಮುಂದೆ ಡಬ್ಲ್ಯೂಸಿಎಚ್‌ಎಸ್ ಎಂದು, ಅಂದರೆ ಮೆಟ್ಟಿಲು ಹತ್ತಲಾಗದ ಪ್ರಯಾಣಿಕರಿಗಿರುವ ಸಂಕೇತವನ್ನು, ನನ್ನ ಕಣ್ಣೆದುರೇ ಹಾಕಿಸಿದೆ. ಅಜ್ಜಿ ಅತ್ತೆಯನ್ನು ತಲುಪಿದರು, ಆದರೆ ಅಷ್ಟರಲ್ಲಿ ಅತ್ತೆಯ ರಜೆ ಮುಗಿದಿತ್ತು, ಹಗಲೆಲ್ಲ ಅಜ್ಜಿ ಒಬ್ಬರೇ ಕಿಟಕಿಯ ಹತ್ತಿರ ಕುಳಿತು ಮಗಳು ಕೆಲಸದಿಂದ ಬರುವುದನ್ನು ಕಾಯಬೇಕಾಯಿತು. ಈ ನಷ್ಟಕ್ಕೆ ಯಾವ ಬಿಲ್ಲೂ ಇಲ್ಲ.

ನೀವು ಮಾಡಬೇಕಾದದ್ದು ಇಷ್ಟು: ಏಜೆಂಟರ ಹಾಳೆಯನ್ನು ನಂಬದೆ ವಿಮಾನ ಸಂಸ್ಥೆಯ ಪಿಎನ್‌ಆರ್ ಕೇಳಿ ಪಡೆದು, ಅದನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಎರಡೂ ವಿಮಾನಗಳು ಅದರಲ್ಲಿ ಕಾಣುತ್ತವೆಯೇ ನೋಡಿ. ಬಿಡಿ ಟಿಕೆಟ್ಟುಗಳಾದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಎರಡನೆಯ ಸಂಸ್ಥೆಯವರು ನಿಮ್ಮನ್ನು ಬಾರದವರೆಂದೇ ಬರೆದುಕೊಳ್ಳುತ್ತಾರೆ. ಗಾಲಿಕುರ್ಚಿಯ ಕೋರಿಕೆಯನ್ನು ಪ್ರಯಾಣಕ್ಕೆ 48 ಗಂಟೆ ಮೊದಲೇ ಸಂಸ್ಥೆಗೇ ಹೇಳಿ. ಯುರೋಪಿನ ಒಕ್ಕೂಟದಲ್ಲಂತೂ 2006ರ 1107ನೇ ನಿಯಮದ ಪ್ರಕಾರ ಈ ನೆರವಿಗೆ ಪ್ರಯಾಣಿಕರಿಂದ ಹಣ ಪಡೆಯುವಂತೆಯೇ ಇಲ್ಲ. ವಿಮೆಯ ಅರ್ಜಿಯನ್ನು ನೀವೇ ತುಂಬಿ, ಅಜ್ಜಿಯ ಔಷಧಿಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ.

ಮೊನ್ನೆ ಏಜೆಂಟರಿಂದ ಸಂದೇಶ ಬಂದಿದೆ. ಅವರ ಸೇವೆ ತೃಪ್ತಿಕರವಾಗಿತ್ತೆಂದು ಒಂದು ಸಾಲು ಬರೆದುಕೊಟ್ಟರೆ ವಿಶೇಷ ನೆರವಿನ ಶುಲ್ಕದಲ್ಲಿ ಅರ್ಧ ಹಿಂದಿರುಗಿಸುತ್ತಾರಂತೆ. ಆ ಸಂದೇಶವನ್ನು ಬಿಲ್ಲಿನೊಂದಿಗೆ ಸೇರಿಸಿ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ.