ಸಾಯದ ಡೆಕ್ಕಿನ ಜೊತೆ ಮೂರು ಮಳೆಗಾಲ

ಕಮಾಂಡರ್ ಎಂದರೆ ನೂರು ಕಾರ್ಡಿನ ಕಟ್ಟು (ಡೆಕ್), 40 ಲೈಫ್ ಇಟ್ಟು ಆಡುವ ಬಗೆ ಎಂದೆಲ್ಲ, ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಿನ ಆಟ ಆಡುವವರಿಗೆ ನಾನು ಹೇಳಬೇಕಿಲ್ಲ. ಮೂರು ವರ್ಷದ ಹಿಂದೆ ಬರೀ ಬಿಳಿ ಬಣ್ಣದ ಒಂದು ಡೆಕ್ ಕಟ್ಟಿದೆ. ಡೆಕ್ಕಿನ ನಾಯಕಿ, ಅಂದರೆ ಕಮಾಂಡರ್ ಕಾರ್ಡು ಆಗಿ ಇಟ್ಟದ್ದು ‘ಆವಸಿನ್, ಏಂಜಲ್ ಆಫ್ ಹೋಪ್’. ಅವಳೂ ಇಂಡಿಸ್ಟ್ರಕ್ಟಿಬಲ್ (ನಾಶ ಮಾಡಲಾಗದವಳು), ಅವಳಿರುವ ತನಕ ನನ್ನ ಕಡೆಯ ಉಳಿದದ್ದೆಲ್ಲವೂ ಇಂಡಿಸ್ಟ್ರಕ್ಟಿಬಲ್. ಡೆಕ್ಕಿಗೆ ಹಾಕಿದ ದುಡ್ಡಿನಲ್ಲಿ ಅರ್ಧ ಇವಳೊಬ್ಬಳಿಗೇ ಹೋಯಿತು. ಆನ್‌ಲೈನಿನಲ್ಲಿ ಮಾರಿದವನು ‘ಹೊಸದರ ಹಾಗೇ ಇದೆ’ ಎಂದಿದ್ದ. ಬಂದಾಗ ನೋಡಿದರೆ ಅಂಚೆಲ್ಲ ಬೆಳ್ಳಗೆ ಸವೆದಿತ್ತು. ವಾಪಸು ಕಳಿಸುವ ಕೊರಿಯರ್ ಖರ್ಚು ಯೋಚಿಸಿ ಸುಮ್ಮನಾದೆ.

ನಾವು ಆಡುವುದು ಬದಿಯಡ್ಕದ ಹತ್ತಿರ, ಅಕ್ಕನ ಮನೆಯ ಜಗಲಿಯಲ್ಲಿ, ಭಾನುವಾರ ಸಂಜೆ. ನಾನು, ಭಾವ, ಅವರ ಮಗಳು, ಪಕ್ಕದ ತೋಟದ ಹುಡುಗ. ಮೊದಲು ಚಾಪೆ, ಅದರ ಮೇಲೆ ಒಣಗಿದ ಬೈರಾಸು (ಟವೆಲು). ಕಾರ್ಡು ಬಿಸ್ಕತ್ತಿನ ಡಬ್ಬಿಯಲ್ಲಿರುತ್ತದೆ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಕೂಡಿಸಿ ಕೂಡಿಸಿ ಅದರೊಳಗೆ ಹಾಕಿದ್ದೇನೆ. ಆದರೂ ಜೂನ್ ಬಂತೆಂದರೆ ಫಾಯಿಲ್ ಕಾರ್ಡುಗಳು ಬಾಗುತ್ತವೆ. ಕಾಗದ ತೇವ ಕುಡಿಯುತ್ತದೆ, ಮೇಲಿನ ಹೊಳೆಯುವ ಪದರ ಕುಡಿಯುವುದಿಲ್ಲ. ಆವಸಿನ್ ದೋಣಿಯ ಹಾಗಾಗುತ್ತಾಳೆ. ಶನಿವಾರ ರಾತ್ರಿ ಅವಳನ್ನು ದಪ್ಪ ನಿಘಂಟಿನ ಕೆಳಗೆ ಮಲಗಿಸುವುದು ನನ್ನ ಕೆಲಸ. ಹಲಸಿನ ಹಪ್ಪಳದ ತಟ್ಟೆ ಬಂದರೆ ಆಟ ನಿಲ್ಲುತ್ತದೆ. ಎಣ್ಣೆ ಕೈಯಲ್ಲಿ ಕಾರ್ಡು ಮುಟ್ಟಿದವರು ಒಂದು ಟರ್ನ್ ಬಿಡಬೇಕು. ಇದು ಅಕ್ಕ ಮಾಡಿದ ಕಾನೂನು.

ಆವಸಿನ್‌ಳನ್ನು ಇಳಿಸಲು ಎಂಟು ಮಾನಾ, ಅಂದರೆ ಕಾರ್ಡಿಗೆ ತೆರುವ ಶಕ್ತಿ, ಬೇಕು. ಮೊದಲ ಸಲ ಇಳಿಸಿದಾಗ ನಾನು ‘ಎಂಟೂ ಮಾನಾ ಹೋಯ್ತು!’ ಎಂದು ಕೂಗಿದೆ. ಒಳಗಿನಿಂದ ಅಕ್ಕ ‘ಯಾರದ್ದು?’ ಎಂದು ಕೇಳಿದಳು.

ಮೊದಲ ಕೆಲವು ತಿಂಗಳು ಹಬ್ಬ. ಭಾವ ‘ರ‍್ಯಾತ್ ಆಫ್ ಗಾಡ್’ ಹಾಕಿದರೆ ಎಲ್ಲರ ಪ್ರಾಣಿಗಳೂ, ಅಂದರೆ ಕಾದಾಡುವ ಕಾರ್ಡುಗಳೆಲ್ಲ, ಸತ್ತವು, ನನ್ನವು ಹಾಗೇ ನಿಂತವು. ಹುಡುಗನ ಡೆಕ್ಕಿನಲ್ಲಿ ಹೆಕ್ಸ್‌ಪ್ರೂಫ್ ಇರುವ ಪ್ರಾಣಿಯೊಂದಿತ್ತು. ‘ಇದನ್ನು ಮುಟ್ಟಲಿಕ್ಕೇ ಆಗುವುದಿಲ್ಲ’ ಎಂದು ವಾದಿಸಿದ. ಟಾರ್ಗೆಟ್ ಮಾಡಿದರೆ ಅಲ್ವಾ ಹೆಕ್ಸ್‌ಪ್ರೂಫಿಗೆ ಕೆಲಸ? ರ‍್ಯಾತ್ ಯಾರನ್ನೂ ಬೊಟ್ಟು ಮಾಡುವುದಿಲ್ಲ, ಎಲ್ಲರನ್ನೂ ಗುಡಿಸುತ್ತದೆ. ಭಾವನ ‘ಡ್ರಜ್ ಸ್ಕೆಲೆಟನ್ಸ್’ ಕೂಡ ಹೋಯಿತು. ಒಂದು ಕಪ್ಪು ಮಾನಾ ಕೊಟ್ಟರೆ ರೀಜನರೇಟ್ ಆಗುವ, ಅಂದರೆ ನಾಶವಾಗದೆ ಉಳಿದುಕೊಳ್ಳುವ, ಅಸ್ಥಿಪಂಜರ ಅದು. ಆದರೆ ರೀಜನರೇಟ್ ಮಾಡುವಂತಿಲ್ಲ ಎಂದು ರ‍್ಯಾತ್‌ನಲ್ಲೇ ಬರೆದಿದೆ. ‘ಡೇ ಆಫ್ ಜಡ್ಜ್‌ಮೆಂಟ್’ ಕಾರ್ಡಿನಲ್ಲಿ ಆ ಸಾಲಿಲ್ಲ, ಅಲ್ಲಿ ಬದುಕಿಕೊಳ್ಳುತ್ತಿತ್ತು. ಭಾವ ತಮ್ಮದೇ ಕಾರ್ಡಿಗೆ ತಾವೇ ಬಿದ್ದರು. ನಾನು ಜಾಸ್ತಿ ನಕ್ಕೆ.

ಆಮೇಲೆ ಅವರು ಡೆಕ್ ಬದಲಾಯಿಸಿದರು. ಅಲ್ಲಿಂದ ನನ್ನ ಬೇಸರ ಶುರು. ಇಂಡಿಸ್ಟ್ರಕ್ಟಿಬಲ್ ತಡೆಯುವುದು ಡೆಸ್ಟ್ರಾಯ್ ಎಂಬ ಒಂದನ್ನು ಮಾತ್ರ. ಮಾರಕ ಪೆಟ್ಟು, ಡೆತ್‌ಟಚ್ (ತಾಗಿದರೇ ಸಾವು) ಎರಡೂ ಅದರೊಳಗೆ ಬರುತ್ತವೆ. ಎಕ್ಸೈಲ್, ಅಂದರೆ ಆಟದಿಂದ ಹೊರಹಾಕುವುದು, ಬರುವುದಿಲ್ಲ. ಸ್ಯಾಕ್ರಿಫೈಸ್ ಮಾಡು (ನಿನ್ನದನ್ನು ನೀನೇ ಬಲಿಕೊಡು) ಎಂದರೆ ಮಾಡಲೇಬೇಕು. ‘ಟಾಕ್ಸಿಕ್ ಡೆಲ್ಯೂಜ್’ ಹಾಕಿ ಟಫ್‌ನೆಸ್ (ಪೆಟ್ಟು ತಾಳುವ ಬಲ) ಸೊನ್ನೆಗೆ ಇಳಿಸಿದರೆ ಪ್ರಾಣಿ ಸೀದಾ ಗ್ರೇವ್‌ಯಾರ್ಡಿಗೆ. ಯಾರೂ ಅದನ್ನು ಡೆಸ್ಟ್ರಾಯ್ ಮಾಡಲಿಲ್ಲ, ಆದ್ದರಿಂದ ದೂರು ಕೊಡಲಿಕ್ಕೂ ಜಾಗವಿಲ್ಲ.

ಇದೆಲ್ಲ ಸಹಿಸಿದೆ. ಸಹಿಸಲಾಗದ್ದು ಸೆರ್ರಾ ಏಂಜಲಿನ ಸಾವು.

ಸೊಸೆಯ, ಅಂದರೆ ಅಕ್ಕನ ಮಗಳ, ಟರ್ನ್. ಅವಳ 6/6 (ಆರು ಪೆಟ್ಟು ಹೊಡೆಯುವ, ಆರು ತಾಳುವ) ಪ್ರಾಣಿಗೆ ನನ್ನ 4/4 ಸೆರ್ರಾ ಅಡ್ಡ ನಿಂತಳು. ಆರು ಪೆಟ್ಟು ತಿಂದಳು, ಸಾಯಲಿಲ್ಲ. ಕಾಳಗ ಮುಗಿಯಿತು. ಆಗ ಭಾವ ನಿಧಾನಕ್ಕೆ ಒಂದು ಬಿಳಿ ಮಾನಾ ಕೊಟ್ಟು ಆವಸಿನ್ ಮೇಲೆ ‘ಸ್ವೋರ್ಡ್ಸ್ ಟು ಪ್ಲೌಶೇರ್ಸ್’ ಹಾಕಿದರು. ಅವಳು ಎಕ್ಸೈಲ್, ನನಗೆ ಎಂಟು ಲೈಫ್ ಹೆಚ್ಚಾಯಿತು. ಸರಿ, ಕಮಾಂಡರ್ ಜಾಗಕ್ಕೆ ಮರಳಿಸಿದೆ. ಮುಂದಿನ ಸಲ ಅವಳನ್ನು ಇಳಿಸಲು ಹತ್ತು ಮಾನಾ.

‘ಮಾವ, ಸೆರ್ರಾನೂ ತೆಗೀರಿ’ ಎಂದಳು ಸೊಸೆ.

ಯಾಕೆ? ಕಾಳಗ ಮುಗಿದಿದೆ, ಅವಳು ಬದುಕಿದ್ದಾಳೆ. ಅರ್ಧ ಗಂಟೆ ವಾದ. ಕರೆಂಟು ಹೋಯಿತು, ಮೊಬೈಲ್ ಬೆಳಕಿನಲ್ಲಿ ನಿಯಮ ಓದಿದೆವು. ಪೆಟ್ಟು ಟರ್ನ್ ಮುಗಿಯುವ ತನಕ ಪ್ರಾಣಿಯ ಮೇಲೇ ಇರುತ್ತದೆ. ಆವಸಿನ್ ತಡೆದದ್ದು ಸಾವನ್ನು, ಗಾಯವನ್ನಲ್ಲ. ಅವಳು ಹೋದ ಕ್ಷಣವೇ ಹಳೆಯ ಗಾಯ ಲೆಕ್ಕಕ್ಕೆ ಬಂತು.

ಭಾವ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಬಿಡುತ್ತಾರೆಯೇ? ‘ಇಂದ್ರ ಬಂದು ಕೇಳಿದ್ದು ಕರ್ಣನ ಪ್ರಾಣವನ್ನಲ್ಲ ಮಾರಾಯ, ಕವಚವನ್ನು’ ಎಂದು ಮದ್ದಳೆಯಿಲ್ಲದೆ ಒಂದು ಪ್ರಸಂಗವನ್ನೇ ಮುಗಿಸಿದರು. ಆ ರಾತ್ರಿ ಈ ಡೆಕ್ ಮಾರಿಬಿಡೋಣ ಎಂದುಕೊಂಡೆ.

ಮಾರಲಿಲ್ಲ. ಕಾರಣ, ಒಂದು ಪುಡಿಗಾಸಿನ ಕಾರ್ಡು. ‘ಹೈನಾ ಅಂಬ್ರಾ’. 2010ರ ‘ರೈಸ್ ಆಫ್ ದ ಎಲ್ಡ್ರಾಜಿ’ ಸೆಟ್ಟಿನಲ್ಲಿ ಕಾಮನ್ ಆಗಿ ಬಂದದ್ದು. ಬೇರೆ ಕಾರ್ಡುಗಳ ಜೊತೆ ಲಕೋಟೆ ತುಂಬಲೆಂದು ತರಿಸಿದ್ದೆ. ಒಂದೇ ಮಾನಾ. ಪ್ರಾಣಿಗೆ ಹೊದೆಸಿದರೆ +1/+1, ಫಸ್ಟ್ ಸ್ಟ್ರೈಕ್. ಅದಲ್ಲ ವಿಷಯ. ಪ್ರಾಣಿ ಡೆಸ್ಟ್ರಾಯ್ ಆಗುವ ಹೊತ್ತಿಗೆ ಈ ಹೊದಿಕೆ ತಾನು ಹೋಗಿ ಪ್ರಾಣಿಯನ್ನು ಉಳಿಸುತ್ತದೆ, ಮೈಮೇಲಿನ ಪೆಟ್ಟನ್ನೆಲ್ಲ ಅಳಿಸುತ್ತದೆ. ಇದು ರೀಜನರೇಟ್ ಅಲ್ಲ, ಹಾಗಾಗಿ ರ‍್ಯಾತ್‌ನ ಆ ಸಾಲು ಇದಕ್ಕೆ ತಾಗುವುದಿಲ್ಲ. ನನ್ನ ಕಾರ್ಡಿನ ಮೇಲೆ ಇದಕ್ಕೆ ‘ಟೋಟೆಮ್ ಆರ್ಮರ್’ ಎಂದಿದೆ. 2024ರಲ್ಲಿ ಹೆಸರು ‘ಅಂಬ್ರಾ ಆರ್ಮರ್’ ಆಯಿತು, ಕೆಲಸ ಅದೇ. ಎಕ್ಸೈಲನ್ನು ಇದೂ ತಡೆಯುವುದಿಲ್ಲ, ಸುಳ್ಳು ಹೇಳಬಾರದು.

ಆವಸಿನ್ ಇರುವಾಗ ಹೈನಾಗೆ ಕೆಲಸವೇ ಇಲ್ಲ. ಡೆಸ್ಟ್ರಾಯ್ ಆಗುವ ಪ್ರಸಂಗವೇ ಬರುವುದಿಲ್ಲವಲ್ಲ. ಸುಮ್ನೆ ಕೂತಿರುತ್ತದೆ, ಮನೆ ಜಗಲಿಯ ಅಜ್ಜನ ಹಾಗೆ. ಕಳೆದ ಮಳೆಗಾಲದಲ್ಲಿ ಭಾವ ಮತ್ತೆ ಅದೇ ಆಟ ಹೂಡಿದರು. ಸೆರ್ರಾ ಹೈನಾ ಹೊದ್ದು 5/5 ಆಗಿದ್ದಳು. ಅಡ್ಡ ನಿಂತಳು, ಆರು ಪೆಟ್ಟು ತಿಂದಳು. ಸ್ವೋರ್ಡ್ಸ್ ಬಂತು, ಆವಸಿನ್ ಹೋದಳು. ಸೊಸೆ ‘ತೆಗೀರಿ ಮಾವ’ ಎಂದು ಕೈ ಚಾಚಿದಳು. ನಾನು ಹೈನಾವನ್ನು ಮಾತ್ರ ಗ್ರೇವ್‌ಯಾರ್ಡಿಗೆ ಹಾಕಿದೆ. ಗಾಯವಿಲ್ಲದ 4/4 ಸೆರ್ರಾ ಬೈರಾಸಿನ ಮೇಲೆ ಹಾಗೇ ಉಳಿದಳು. ಭಾವ ಎರಡು ಸಲ ಕಾರ್ಡು ಓದಿದರು. ಅರ್ಥ ಹೇಳಲಿಲ್ಲ.

ಇನ್ನೊಂದು ಹೈನಾ ಹಾಕೋಣವೆಂದರೆ ಕಮಾಂಡರಿನಲ್ಲಿ ಒಂದು ಕಾರ್ಡು ಒಂದೇ ಸಲ. ಅದಕ್ಕೇ ‘ಮ್ಯಾಮತ್ ಅಂಬ್ರಾ’ ತರಿಸಲು ಹೇಳಿದ್ದೇನೆ. ಇದಕ್ಕೆ ಐದು ಮಾನಾ. ಅಕ್ಕನ ಕಿವಿಗೆ ಬೀಳದ ಹಾಗೆ ಇಳಿಸಬೇಕು.