ಪಟ್ಟಿ ತೊಟ್ಟ ಸಿಗಾರು, ಪಟ್ಟಿ ಕಳಚಿದ ಸಿಗಾರು: ಒಂಬತ್ತು ಸಂಜೆಗಳ ಹೋಲಿಕೆ

ಒಂದೇ ದಪ್ಪದ, ಹೆಚ್ಚುಕಡಿಮೆ ಒಂದೇ ಉದ್ದದ ಮೂರು ಬಗೆಯ ಸಿಗಾರುಗಳನ್ನು ಮೊದಲು ಅವುಗಳದೇ ಪಟ್ಟಿಯೊಂದಿಗೆ (ಸಿಗಾರಿನ ಮೈಗೆ ಉಂಗುರದಂತೆ ಸುತ್ತಿದ ಹೆಸರಿನ ಕಾಗದ), ಆಮೇಲೆ ಪಟ್ಟಿ ಕಳಚಿ, ಕೊನೆಗೆ ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ತೊಡಿಸಿ ಸೇದಿದರೆ ನಾಲಿಗೆಯ ತೀರ್ಪು ಬದಲಾದೀತೇ ಎಂದು ತಿಳಿಯುವ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಕಳೆದ ಚಳಿಗಾಲದಲ್ಲಿ, ಮಂಗಳೂರಿನ ಗಾಳಿಯಲ್ಲಿ ತೇವ ಸ್ವಲ್ಪ ಇಳಿದ ಮೇಲೆ, ವಾರಕ್ಕೆ ಒಂದು ಸಂಜೆಯಂತೆ ಒಂಬತ್ತು ಸಂಜೆ ಇದಕ್ಕೆಂದೇ ಕುಳಿತೆವು. ಸೇದಿದವರು ಮೂವರು: ನಾನು, ನನ್ನ ಭಾವ, ಮತ್ತು ಹಡಗಿನ ಕೆಲಸದಲ್ಲಿದ್ದು ನಿವೃತ್ತರಾದ, ಮೂವತ್ತು ವರ್ಷಗಳಿಂದ ಸಿಗಾರು ಬಲ್ಲ ನೆರೆಮನೆಯ ಹಿರಿಯರು. ಪಟ್ಟಿ ಕಳಚುವ, ತೊಡಿಸುವ ಕೆಲಸವನ್ನು ಅಡುಗೆಮನೆಯಲ್ಲಿ ಕುಳಿತು ಮಾಡಿಕೊಟ್ಟವಳು ಅಕ್ಕ.

ಈ ಪ್ರಶ್ನೆಯ ಬೀಜ ಬಿದ್ದದ್ದು ಬಾಲ್ಯದಲ್ಲಿ, ಮತ್ತು ಅದು ಸಿಗಾರಿನಿಂದಲ್ಲ, ಬೀಡಿಯಿಂದ. ದಕ್ಷಿಣ ಕನ್ನಡದ ಅನೇಕ ಮನೆಗಳಂತೆ ನಮ್ಮ ಮನೆಯಲ್ಲೂ ಅತ್ತೆಯಂದಿರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ ನೂಲು ಕಟ್ಟುತ್ತಿದ್ದರು. ಅವರ ಕೈಯಿಂದ ಹೋಗುವ ಬೀಡಿಗೆ ಹೆಸರಿರಲಿಲ್ಲ. ಹೆಸರಿನ ಚೀಟಿ ಬೀಳುತ್ತಿದ್ದುದು ಕಂಪನಿಯಲ್ಲಿ. ಆದರೆ ಅಂಗಡಿಗೆ ಬಂದವರು ಚೀಟಿಯ ಹೆಸರು ಹೇಳಿಯೇ ಬೀಡಿ ಕೇಳುತ್ತಿದ್ದರು, ಬೇರೆಯದನ್ನು ಕೊಟ್ಟರೆ ಹಚ್ಚುವ ಮೊದಲೇ ಮುಖ ಸಿಂಡರಿಸುತ್ತಿದ್ದರು. ಕಾಗದ ನಾಲಿಗೆಗಿಂತ ಮೊದಲು ಮಾತಾಡುತ್ತದೆ ಎಂಬುದನ್ನು ನಾನು ಕಂಡದ್ದು ಅಲ್ಲಿಯೇ.

ಸಿಗಾರಿನ ಪಟ್ಟಿ ಹುಟ್ಟಿದ್ದು ಗುಣಮಟ್ಟ ಸಾರಲು ಅಲ್ಲ, ಗುರುತು ಹೇಳಲು. 19ನೇ ಶತಮಾನದ ನಡುಭಾಗದಲ್ಲಿ ಹವಾನಾ ಸಿಗಾರಿನ ಹೆಸರಿನಲ್ಲಿ ಯೂರೋಪಿನ ಮಾರುಕಟ್ಟೆಯಲ್ಲಿ ನಕಲಿ ಮಾಲು ತುಂಬಿಕೊಂಡಾಗ, ಯೂರೋಪಿನಿಂದಲೇ ಕ್ಯೂಬಾಕ್ಕೆ ವಲಸೆ ಬಂದಿದ್ದ ಗುಸ್ತಾವ್ ಬಾಕ್ ಎಂಬ ತಯಾರಕ ತನ್ನ ಸಿಗಾರುಗಳಿಗೆ ಕಾಗದದ ಉಂಗುರ ತೊಡಿಸಿದ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮಾತು. ಹೆಂಗಸರ ಕೈಗವಸಿಗೆ ಕಲೆಯಾಗದಿರಲಿ ಎಂದು ಪಟ್ಟಿ ಬಂತು ಎನ್ನುವ ಕತೆಗಳೂ ಇವೆ, ಅವು ಕತೆಗಳು ಮಾತ್ರ. ಕಲ್ಲಚ್ಚಿನ ಬಣ್ಣದ ಮುದ್ರಣ, ಉಬ್ಬಚ್ಚು, ಚಿನ್ನದ ರೇಕು ಇವೆಲ್ಲ ಆ ಶತಮಾನದ ಕೊನೆಯ ಹೊತ್ತಿಗೆ ಕೂಡಿಕೊಂಡು ಪದಕ, ಕಿರೀಟ, ಲಾಂಛನಗಳು ಪಟ್ಟಿಯ ಮೇಲೆ ಬಂದು ಕುಳಿತವು. ಯಾರು ಮಾಡಿದ್ದು ಎಂದು ಹೇಳುತ್ತಿದ್ದ ಕಾಗದ ಎಷ್ಟು ಒಳ್ಳೆಯದು ಎಂದು ಹೇಳತೊಡಗಿದ್ದು ಹೀಗೆ. ಅಸಲಿತನದ ಖಾತರಿಗೆ ಕ್ಯೂಬಾ ಸರ್ಕಾರ 1912ರಲ್ಲಿ ಪೆಟ್ಟಿಗೆಗೆ ಪ್ರತ್ಯೇಕವಾಗಿ ಹಸಿರು ಮುದ್ರೆಚೀಟಿಯನ್ನೇ ತಂದಿತು.

ನಾವು ಆರಿಸಿಕೊಂಡ ಮೂರರಲ್ಲಿ ಮೊದಲನೆಯದು ಕ್ಯೂಬಾದ ಮಾಂಟೆಕ್ರಿಸ್ಟೊ ನಂ. 4. ಉದ್ದ 129 ಮಿಲಿಮೀಟರ್, ದಪ್ಪ 42, ಅಂದರೆ ಇಂಚನ್ನು 64 ಭಾಗ ಮಾಡಿದರೆ ಅದರಲ್ಲಿ 42 ಭಾಗ. 1935ರಲ್ಲಿ ಆರಂಭವಾದ ಈ ಬ್ರ್ಯಾಂಡಿನ ಕಂದು ಪಟ್ಟಿ ನನ್ನ ಕಣ್ಣಿಗೆ ಇಂದಿಗೂ ಅತ್ಯಂತ ಸಂಯಮದ ಪಟ್ಟಿ; ಎಲೆಯ ಬಣ್ಣಕ್ಕೆ ಹತ್ತಿರವಾಗಿರುವುದರಿಂದ ಸಿಗಾರಿಗೆ ಅದು ಚರ್ಮದಂತೆ ಹೊಂದಿಕೊಳ್ಳುತ್ತದೆ. ಎರಡನೆಯದು ಮಧ್ಯ ಅಮೆರಿಕದ ಒಂದು ಸಿಗಾರು, ಅಗಲವಾದ ಚಿನ್ನದ ಪಟ್ಟಿ, ಅದರ ಕೆಳಗೆ ಇನ್ನೊಂದು ಕಿರುಪಟ್ಟಿ, ಉಬ್ಬಿದ ಅಕ್ಷರ. ಬೆಲೆಯಲ್ಲಿ ಮೂರಕ್ಕೂ ಮೇಲು. ಮೂರನೆಯದು ಡೊಮಿನಿಕನ್ ಗಣರಾಜ್ಯದಿಂದ ಕಟ್ಟುಗಳಲ್ಲಿ ಬರುವ, ಪಟ್ಟಿಯೇ ಇಲ್ಲದ, ಸೆಲೋಫೇನ್ ಹಾಳೆಯಲ್ಲಿ ಸುತ್ತಿದ ಅಗ್ಗದ ಸಿಗಾರು. ಈ ಎರಡನ್ನು ಹೆಸರಿಸುವ ಅಗತ್ಯವಿಲ್ಲ. ಮೂರರ ದಪ್ಪವೂ 42 ಇರುವಂತೆ ನೋಡಿಕೊಂಡದ್ದು ಪಟ್ಟಿಗಳು ಅದಲುಬದಲಾಗಬೇಕೆಂಬ ಕಾರಣಕ್ಕೆ. ಎಲ್ಲವನ್ನೂ ಒಂದೇ ಬಿಗಿಮುಚ್ಚಳದ ಡಬ್ಬಿಯಲ್ಲಿ ಶೇಕಡಾ 65ರ ತೇವದಲ್ಲಿ ಎರಡು ತಿಂಗಳು ಇಟ್ಟಿದ್ದೆ.

ಮೊದಲ ಸುತ್ತಿನಲ್ಲಿ ಹತ್ತಕ್ಕೆ ಎಷ್ಟು ಅಂಕ ಎಂದು ಮೂವರೂ ಬೇರೆಬೇರೆ ಚೀಟಿಯಲ್ಲಿ ಬರೆದೆವು. ಸರಾಸರಿಯಲ್ಲಿ ಚಿನ್ನದ ಪಟ್ಟಿಗೆ 8, ಕಂದು ಪಟ್ಟಿಗೆ 7.5, ಪಟ್ಟಿಯಿಲ್ಲದ್ದಕ್ಕೆ 5. ಅಂಕಗಳಿಗಿಂತ ನನ್ನ ಗಮನ ಸೆಳೆದದ್ದು ಮಾತು. ಚಿನ್ನದ ಪಟ್ಟಿಯ ಸಿಗಾರನ್ನು ಬೆರಳುಗಳ ನಡುವೆ ಉರುಳಿಸುತ್ತ ಭಾವ, ಇನ್ನೂ ತುದಿ ಕತ್ತರಿಸುವ ಮೊದಲೇ, "ಕೈಗೆ ತೆಗೊಂಡಾಗಲೇ ಗೊತ್ತಾಗ್ತದೆ ನೋಡು, ಇದರ ತೂಕವೇ ಬೇರೆ" ಎಂದರು. ಮರುದಿನ ಅಕ್ಕನ ಅಡುಗೆಮನೆಯ ತಕ್ಕಡಿಯಲ್ಲಿ ಮೂರನ್ನೂ ಇಟ್ಟು ನೋಡಿದೆ. ಅವುಗಳ ನಡುವೆ ಇದ್ದ ವ್ಯತ್ಯಾಸ ಒಂದು ಗ್ರಾಂ ಕೂಡ ಅಲ್ಲ. ಚಿನ್ನದ ಪಟ್ಟಿಗೆ ನಾವು ಬರೆದ ಶಬ್ದಗಳು ಕೋಕೋ, ಹುರಿದ ಬಾದಾಮಿ, ಬೆಲ್ಲದ ಪಾಕ. ಪಟ್ಟಿಯಿಲ್ಲದ್ದಕ್ಕೆ ಬರೆದವು ಒಣಹುಲ್ಲು, ಖಾರ, ಸಪ್ಪೆ. ಖಾರವೂ ಸಪ್ಪೆಯೂ ಒಂದೇ ಚೀಟಿಯಲ್ಲಿ ನನ್ನದೇ ಅಕ್ಷರದಲ್ಲಿವೆ.

ಎರಡನೆಯ ಸುತ್ತಿಗೆ ಪಟ್ಟಿ ಕಳಚುವಾಗ ಒಂದು ತೊಂದರೆಯಾಯಿತು. ಪಟ್ಟಿಯ ಎರಡು ತುದಿಗಳನ್ನು ಒಂದಕ್ಕೊಂದು ಅಂಟಿಸಬೇಕೇ ಹೊರತು ಎಲೆಗೆ ಅಂಟು ತಾಗಬಾರದು. ಅದಕ್ಕೇ ಒಳ್ಳೆಯ ಕಾರ್ಖಾನೆಗಳಲ್ಲಿ ಸಸ್ಯದ ಅಂಟನ್ನು ಒಂದೇ ಚುಕ್ಕಿಯಷ್ಟು ಬಳಸುತ್ತಾರೆ. ಚಿನ್ನದ ಪಟ್ಟಿಯ ಒಂದು ಸಿಗಾರಿನಲ್ಲಿ ಆ ಅಂಟು ಒಸರಿ ಹೊರಎಲೆಗೆ ಹಿಡಿದಿತ್ತು. ಅಕ್ಕ ಎಷ್ಟೇ ಮೆಲ್ಲಗೆ ಜಾರಿಸಿದರೂ ಅಕ್ಕಿಕಾಳಿನಷ್ಟು ಎಲೆ ಕಾಗದದ ಜೊತೆಗೇ ಎದ್ದು ಬಂತು. ಆ ತೂತಿನಿಂದ ಗಾಳಿ ಹೊಕ್ಕು ಆ ಸಿಗಾರು ವ್ಯರ್ಥವಾಯಿತು. ದೊಡ್ಡ ಪಟ್ಟಿ, ಎರಡು ಪಟ್ಟಿ ಎಂದರೆ ಎಲೆ ಹರಿಯುವ ಅವಕಾಶವೂ ಅಷ್ಟು ಹೆಚ್ಚು ಎಂಬುದನ್ನು ಕೊಳ್ಳುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ವಲ್ಪ ಹೊತ್ತು ಸೇದಿ ಸಿಗಾರು ಬೆಚ್ಚಗಾದ ಮೇಲೆ ಪಟ್ಟಿ ತೆಗೆಯುವ ರೂಢಿ ಇರುವುದು ಇದೇ ಕಾರಣಕ್ಕೆ: ಬಿಸಿಗೆ ಅಂಟು ಸಡಿಲುತ್ತದೆ.

ಬರಿಮೈಯ ಸಿಗಾರುಗಳನ್ನು ಯಾವುದು ಯಾವುದೆಂದು ತಿಳಿಯದೆ ಸೇದಿದಾಗ ಕ್ಯೂಬಾದ್ದು 7.5ರಲ್ಲೇ ನಿಂತಿತು. ಅಗ್ಗದ ಡೊಮಿನಿಕನ್ 6.5ಕ್ಕೆ ಏರಿತು, ಚಿನ್ನದ ಪಟ್ಟಿಯದು 6ಕ್ಕೆ ಇಳಿಯಿತು. ಚಿನ್ನದ ಪಟ್ಟಿಯ ಸಿಗಾರಿನ ಎಳೆತ ಬಿಗಿ, ಬೂದಿ ಒಂದು ಕಡೆಗೆ ವಾಲುತ್ತಿತ್ತು. ಮೊದಲ ಸುತ್ತಿನಲ್ಲೂ ಹಾಗೇ ಇದ್ದಿರಬೇಕು, ಆಗ ಅದನ್ನು ನಾವ್ಯಾರೂ ಬರೆದಿರಲಿಲ್ಲ.

ಮೂರನೆಯ ಸುತ್ತೇ ನನಗೆ ಮುಖ್ಯ. ಅದಲುಬದಲು ಆಗಲಿದೆಯೆಂದು ನನಗೆ ಗೊತ್ತಿದ್ದುದರಿಂದ ನನ್ನ ಅಂಕಗಳನ್ನು ಬಿಟ್ಟಿದ್ದೇನೆ; ಭಾವನಿಗೂ ಹಿರಿಯರಿಗೂ ಅದನ್ನು ಮುಗಿದ ಮೇಲಷ್ಟೇ ತಿಳಿಸಿದೆ. ಚಿನ್ನದ ಪಟ್ಟಿ ತೊಟ್ಟ ಅಗ್ಗದ ಡೊಮಿನಿಕನ್‌ಗೆ ಮೊದಲ ಮೂರನೇ ಒಂದು ಭಾಗದಲ್ಲಿ ಇಬ್ಬರೂ 7.5 ಕೊಟ್ಟರು, ಕೋಕೋ ಎಂಬ ಶಬ್ದ ಮತ್ತೆ ಬಂತು. ಪಟ್ಟಿ ಕಳಚಿ ಸೆಲೋಫೇನ್ ಸುತ್ತಿ ಕೊಟ್ಟ ಮಾಂಟೆಕ್ರಿಸ್ಟೊಗೆ ಅದೇ ಹಂತದಲ್ಲಿ 6 ಮಾತ್ರ. ಆದರೆ ಕೊನೆಯ ಭಾಗಕ್ಕೆ ಬಂದಾಗ ಡೊಮಿನಿಕನ್ 6.5ಕ್ಕೆ ಇಳಿದಿತ್ತು, ಮಾಂಟೆಕ್ರಿಸ್ಟೊ 7.5ಕ್ಕೆ ಏರಿತ್ತು, ಅಂದರೆ ಎರಡೂ ಪಟ್ಟಿಯಿಲ್ಲದ ಸುತ್ತಿನ ಜಾಗಕ್ಕೇ ಮರಳಿದ್ದವು. ಹಿರಿಯರು ಸಿಗಾರನ್ನು ಕೆಳಗಿಟ್ಟು, "ಇದು ನನಗೆ ಪರಿಚಯದ ರುಚಿ, ಹೆಸರು ಬಾಯಿಗೆ ಬರ್ತಾ ಇಲ್ಲ" ಎಂದರು. ಪಟ್ಟಿಯ ಪ್ರಭಾವ ಸುಳ್ಳಲ್ಲ, ಆದರೆ ಅದಕ್ಕೆ ಆಯುಷ್ಯವಿದೆ. ನಮ್ಮ ಜಗಲಿಯಲ್ಲಿ ಅದು ಸುಮಾರು ಕಾಲು ಗಂಟೆ.

ಮೂವರ ಪ್ರಯೋಗದಿಂದ ಲೋಕನಿಯಮ ಹೇಳಲಾಗದು. ಆದರೂ 2008ರಲ್ಲಿ ಪ್ರಕಟವಾದ, ಹಿಲ್ಕೆ ಪ್ಲಾಸ್‌ಮನ್ ಮತ್ತು ಆಂಟೋನಿಯೊ ರೇಂಜೆಲ್ ಮೊದಲಾದವರ ವೈನ್ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಅದರಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಒಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟಾಗ, ಹೆಚ್ಚು ಬೆಲೆ ಹೇಳಿದ್ದನ್ನೇ ಜನ ಹೆಚ್ಚು ಮೆಚ್ಚಿದ್ದಷ್ಟೇ ಅಲ್ಲ, ಮಿದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆಯೂ ಹೆಚ್ಚಿತ್ತು. ಭಾವನಿಗೆ ಕೋಕೋ ರುಚಿಸಿದ್ದು ನಿಜವೆಂದೇ ನಾನು ನಂಬುತ್ತೇನೆ.

ಪಟ್ಟಿಯನ್ನೂ ಪೆಟ್ಟಿಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ತಪ್ಪು. ಪಟ್ಟಿ ಕೆಲಸ ಮಾಡುವುದು ಕಣ್ಣಿನ ಮೇಲೆ, ಪೆಟ್ಟಿಗೆ ಕೆಲಸ ಮಾಡುವುದು ಎಲೆಯ ಮೇಲೆ. ಸಿಗಾರಿನವರು ಸ್ಪ್ಯಾನಿಷ್ ಸೀಡರ್ ಎಂದು ಕರೆಯುವ ಮರ ನಿಜಕ್ಕೂ ದೇವದಾರು ಅಲ್ಲ. ಅದು ನಮ್ಮ ಬೇವಿನ ಕುಟುಂಬಕ್ಕೇ ಸೇರಿದ ಸೆಡ್ರೆಲಾ. ಅದರ ಪರಿಮಳ ತಿಂಗಳುಗಟ್ಟಲೆ ಒಟ್ಟಿಗಿದ್ದ ಎಲೆಗೆ ಇಳಿಯುತ್ತದೆ, ತೇವವನ್ನು ಅದು ಹೀರಿ ನಿಧಾನವಾಗಿ ಬಿಡುತ್ತದೆ. ಅದೇ ಡೊಮಿನಿಕನ್ ಸಿಗಾರುಗಳಲ್ಲಿ ಐದನ್ನು ಖಾಲಿಯಾಗಿದ್ದ ಸೀಡರ್ ಪೆಟ್ಟಿಗೆಯಲ್ಲೂ ಐದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೂ ನಾಲ್ಕು ತಿಂಗಳು ಇಟ್ಟು ಹೋಲಿಸಿದೆ. ಮರದ ಪೆಟ್ಟಿಗೆಯವುಗಳ ಹೊಗೆಯಲ್ಲಿ ಇದ್ದ ಮೃದುತ್ವವನ್ನು ಕಣ್ಣು ಮುಚ್ಚಿಯೇ ಗುರುತಿಸಿದೆ. ಅಲ್ಯೂಮಿನಿಯಂ ಕೊಳವೆ ಪ್ರಯಾಣಕ್ಕೆ ಒಳ್ಳೆಯದು, ಅಂಗಿಯ ಜೇಬಿನಲ್ಲಿ ಸಿಗಾರು ಮುರಿಯುವುದಿಲ್ಲ. ಅದಕ್ಕಾಗಿ ಹೆಚ್ಚು ಹಣ ಕೊಡುವಷ್ಟು ವ್ಯತ್ಯಾಸ ರುಚಿಯಲ್ಲಿ ನನಗೆ ಕಾಣಲಿಲ್ಲ. ಅಗ್ಗದ್ದೆಂಬ ಭಾವನೆ ಹುಟ್ಟಿಸುವ ಸೆಲೋಫೇನ್ ಕರಾವಳಿಯಲ್ಲಿ ಎಲ್ಲಕ್ಕಿಂತ ಉಪಕಾರಿ. ಇಲ್ಲಿನ ಸೆಕೆಯಲ್ಲಿ ಹೊಗೆಸೊಪ್ಪಿನ ಹುಳು ಮೊಟ್ಟೆಯೊಡೆದು ಒಂದು ಸಿಗಾರಿನಿಂದ ಇನ್ನೊಂದಕ್ಕೆ ಸೂಜಿತೂತು ಕೊರೆಯುತ್ತ ಹೋಗುವಾಗ, ಆ ತೆಳು ಹಾಳೆಯೇ ಪಕ್ಕದ ಸಿಗಾರಿಗೆ ಬೇಲಿಯಾಗುತ್ತದೆ.

ಪೊಟ್ಟಣದ ಬಲವನ್ನು ಸರ್ಕಾರಗಳು ಚೆನ್ನಾಗಿ ಅರಿತಿವೆ. ಆಸ್ಟ್ರೇಲಿಯಾ 2012ರ ಡಿಸೆಂಬರಿನಿಂದ ತಂಬಾಕಿನ ಪೊಟ್ಟಣಗಳಿಂದ ಬಣ್ಣ, ಲಾಂಛನಗಳನ್ನೆಲ್ಲ ತೆಗೆಸಿ ಮಂಕು ಕಂದು ಬಣ್ಣವೊಂದನ್ನೇ ಉಳಿಸಿತು. ಭಾರತದಲ್ಲಿ 2016ರ ಏಪ್ರಿಲಿನಿಂದ ಪೊಟ್ಟಣದ ಶೇಕಡಾ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ, ಬರಹ ಇರಬೇಕು. ಯಾವ ಚಿನ್ನದ ರೇಕೂ ಸಿಗಾರಿನ ಹೊಗೆಯನ್ನು ನಿರಪಾಯ ಮಾಡುವುದಿಲ್ಲವಾದ್ದರಿಂದ ಈ ಕ್ರಮ ನ್ಯಾಯವೆಂದೇ ನನ್ನ ಮತ; ನಾನು ವಾರಕ್ಕೆ ಒಂದನ್ನು ದಾಟದಿರುವುದೂ ಆ ಕಾರಣಕ್ಕೆ.

ಮೂರರಲ್ಲಿ ಒಂದನ್ನು ಆರಿಸಬೇಕಾದರೆ ನನ್ನ ಆಯ್ಕೆ ಕಂದು ಪಟ್ಟಿಯದು. ಮೊದಲ ಎರಡು ಸುತ್ತುಗಳಲ್ಲಿ, ಪಟ್ಟಿ ಇದ್ದಾಗಲೂ ಇಲ್ಲದಾಗಲೂ, ನಮ್ಮ ಚೀಟಿಗಳಲ್ಲಿ ಕದಲದೆ ನಿಂತದ್ದು ಅದೊಂದೇ. ಆದರೆ ಅದರ ಬೆಲೆ ಪ್ರತಿ ವಾರದ್ದಲ್ಲ. ಹಾಗಾಗಿ ನಡುವಿನ ವಾರಗಳಿಗೆ ಕಟ್ಟಿನ ಡೊಮಿನಿಕನ್ ತರಿಸಿ, ಸೆಲೋಫೇನ್ ಬಿಚ್ಚದೆ ಸೀಡರ್ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದೇನೆ. ಚಿನ್ನದ ಪಟ್ಟಿಯದನ್ನು ಮತ್ತೆ ಕೊಂಡಿಲ್ಲ. ಉಳಿದಿದ್ದ ಎರಡನ್ನು ಭಾವ ಅವರ ಮೇಲಧಿಕಾರಿಗೆ ಉಡುಗೊರೆ ಕೊಟ್ಟರು, ಪಟ್ಟಿ ಸಮೇತ.