ಒಂದೇ ತೋಟಕ್ಕೆ ಮೂರು ಬೇಲಿ: ಮುಳ್ಳುತಂತಿ, ಅಂಗಡಿ ರೋಲ್, ಕೈಯಲ್ಲಿ ತಿರುಗಿಸಿದ ಮೆಶ್

ನಮ್ಮ ತೋಟ ಅರಸೀಕೆರೆ ಕಡೆ. ಒಂದು ಎಕರೆ ಚಿಲ್ಲರೆ ತೆಂಗು, ನಡುವೆ ಒಂದಿಷ್ಟು ಬಾಳೆ. ಸುತ್ತ ಬೇಲಿ ಹಾಕಿಸುವಷ್ಟು ದುಡ್ಡು ಒಟ್ಟಿಗೆ ಕೈಗೆ ಬರಲಿಲ್ಲ. ಹಾಗಾಗಿ ವರ್ಷಕ್ಕೊಂದು ಬದಿ ಅಂತ ಮಾಡಿಸಿದೆ. ಬಡಗಣ ಬದಿಗೆ ಅಪ್ಪನ ಕಾಲದ ಕತ್ತಾಳೆ ಇದೆ, ಅದನ್ನು ಮುಟ್ಟಲಿಲ್ಲ. ಉಳಿದ ಮೂರು ಬದಿಗೆ ಮೂರು ಥರದ ಬೇಲಿ ಬಂತು. ಕಂಬ ಮಾತ್ರ ಎಲ್ಲ ಕಡೆ ಒಂದೇ: ಕಲ್ಲುಕಂಬ, ಎಂಟಡಿಗೊಂದು, ಎರಡಡಿ ನೆಲದೊಳಗೆ. ಯೋಚನೆ ಮಾಡಿ ಮಾಡಿದ ಪರೀಕ್ಷೆ ಅಲ್ಲ ಇದು, ಬಡತನಕ್ಕೆ ಆದದ್ದು.

ಮೊದಲು ಪಡುವಣ ಬದಿ, ಮುಳ್ಳುತಂತಿ, ಏಳು ಸಾಲು. ಅಗ್ಗ, ಒಂದೇ ದಿನದ ಕೆಲಸ. ಹಸು ಎಮ್ಮೆ ಬರಲ್ಲ. ಮೇಕೆಗೆ ಅದು ಬೇಲಿಯೇ ಅಲ್ಲ, ಬಾಗಿಲು. ಕೆಳಗಿನ ಎರಡು ಸಾಲಿನ ನಡುವೆ ತಲೆ ತೂರಿಸಿತು ಅಂದ್ರೆ ಮೈಯೂ ಬಂದ ಹಾಗೆ. ನಮ್ಮದೇ ಕರು ಒಮ್ಮೆ ಬೆದರಿ ಓಡಿ ಎದೆ ಸೀಳಿಕೊಂಡಿತು. ಅದರ ಬಗ್ಗೆ ಹೇಳೋದು ಇಷ್ಟೇ.

ಮುಂದಿನ ವರ್ಷ ತೆಂಕಣ ಬದಿಗೆ ಪೇಟೆಯಿಂದ ಚೈನ್‌ಲಿಂಕ್ ಮೆಶ್, ಅಂದ್ರೆ ತಂತಿಯಲ್ಲಿ ಹೆಣೆದ ಬಲೆ, ತಂದೆ. ಐದಡಿ ಎತ್ತರ, ಮೂರಿಂಚು ಕಣ್ಣು, ಐವತ್ತಡಿಯ ನಾಲ್ಕು ರೋಲ್. ಬಿಲ್ಲಿನಲ್ಲಿ 12 ಗೇಜು ಅಂತ ಬರೆದಿತ್ತು. ಕರೆಂಟ್ ಮಷೀನಿನ ಮೆಶ್ ನೋಡೋಕೆ ಚೆಂದ, ಕಣ್ಣೆಲ್ಲ ಅಚ್ಚು ಹಾಕಿದ ಹಾಗೆ ಒಂದೇ ಅಳತೆ. ಮೂರು ರೋಲ್ ಬೇಗ ಕಟ್ಟಿ ಮುಗಿಸಿದೆವು. ಆಮೇಲೆ ಯಾಕೋ ಅನುಮಾನ ಬಂದು, ಉಳಿದಿದ್ದ ಕೊನೆಯ ರೋಲನ್ನು ಕೊಬ್ಬರಿ ತೂಗುವ ತಕ್ಕಡಿಗೆ ಹಾಕಿದೆ. 21 ಕೆಜಿ ಕೂಡ ಇಲ್ಲ!

ಲೆಕ್ಕ ಕಷ್ಟ ಏನಲ್ಲ. 12 ಗೇಜು ಅಂದ್ರೆ 2.64 ಮಿ.ಮೀ. ದಪ್ಪ. ಆ ತಂತಿ ಒಂದು ಮೀಟರಿಗೆ ಸುಮಾರು 43 ಗ್ರಾಂ ತೂಗುತ್ತೆ. ಐದಡಿ ಎತ್ತರದ, ಮೂರಿಂಚು ಕಣ್ಣಿನ ಮೆಶ್‌ಗೆ ಐವತ್ತಡಿಗೆ 600 ಮೀಟರಿಗೂ ಜಾಸ್ತಿ ತಂತಿ ಹಿಡಿಯುತ್ತೆ. ಅಂದ್ರೆ ರೋಲ್ 26 ಕೆಜಿ ಇರಬೇಕು. ಗ್ಯಾರೇಜಿನ ಹುಡುಗನ ಹತ್ತಿರ ದಪ್ಪ ಅಳೆಯುವ ವರ್ನಿಯರ್ ತಂದು ಅಳೆದರೆ 2.3ರ ಆಸುಪಾಸು. ಅದು 13 ಗೇಜು. ಗೇಜು ನಂಬರ್ ಮೇಲೆ ಹೋದಷ್ಟೂ ತಂತಿ ಸಣ್ಣ, ನೆನಪಿರಲಿ. ಅಂಗಡಿಯವರನ್ನು ಕೇಳಿದರೆ "ಕೋಟಿಂಗ್ ಸೇರಿಸಿ 12 ಸಾರ್" ಅಂದರು. ನಾನು ಅಳೆದದ್ದೂ ಕೋಟಿಂಗ್ ಸೇರಿಸಿಯೇ ಅಲ್ವಾ?

ಈ ಸಿಟ್ಟಿಗೇ ಮೂಡಣ ಬದಿಗೆ ಕೈ ಮಷೀನಿನವರನ್ನು ಕರೆಸಿದ್ದು. ಮೂರು ಜನ, ಒಂದು ಲಗೇಜ್ ಆಟೋ. ಮಷೀನ್ ಅಂದ್ರೆ ದೊಡ್ಡದೇನಲ್ಲ. ಕಾಲಿನ ಮೇಲೆ ನಿಂತ ಒಂದು ಕೊಳವೆ, ಅದರೊಳಗೆ ಸ್ಕ್ರೂ ಥರ ಸುರುಳಿಯಾಗಿ ಹೋಗುವ ಸಂದು, ನಡುವೆ ಚಪ್ಪಟೆ ಕಬ್ಬಿಣದ ಪಟ್ಟಿ, ಹಿಂದೆ ಹಿಡಿ. ಹಿಡಿ ತಿರುಗಿಸಿದರೆ ಪಟ್ಟಿ ಸುತ್ತುತ್ತೆ, ತಂತಿ ಅದಕ್ಕೆ ಸುತ್ತಿಕೊಂಡು ಆ ಸಂದು ಹಿಡಿದು ಮುಂದೆ ಬರುತ್ತೆ, ಹೊರಗೆ ಬರುವಾಗ ಅಂಕುಡೊಂಕು ಎಳೆ. ಬರುತ್ತಾ ಬರುತ್ತಾ ಹಿಂದಿನ ಎಳೆಯೊಳಕ್ಕೆ ತಾನೇ ಹೆಣೆದುಕೊಂಡು ಹೋಗುತ್ತೆ. ಕತ್ತರಿಸು, ತುದಿ ಮಡಿಸು, ಮತ್ತೆ ತಿರುಗಿಸು. ಐದಡಿಯ ಒಂದು ಎಳೆಗೆ ಹದಿನಾಲ್ಕು ಸುತ್ತು. ನೂರಡಿ ಬೇಲಿಗೆ ಸುಮಾರು 565 ಎಳೆ. ಗುಣಿಸಿದರೆ ಎಂಟು ಸಾವಿರ ಸುತ್ತು ಆಗುತ್ತೆ. ನಾನೂ ಹಿಡಿ ಹಿಡಿದು ನೋಡಿದೆ. ಇಪ್ಪತ್ತು ಎಳೆಗೇ ಭುಜ ಬಿತ್ತು.

10 ಗೇಜು ಹಾಕಿಸೋಣ ಅಂತ ನನ್ನ ಆಸೆ ಇತ್ತು. 3.25 ಮಿ.ಮೀ. ತಂತಿ, ಬಗ್ಗಿಸೋಕೆ 12ಕ್ಕಿಂತ ಹತ್ತಿರ ಹತ್ತಿರ ದುಪ್ಪಟ್ಟು ಬಲ ಬೇಕು. ಅವರಲ್ಲಿ ಹಿರಿಯ ನಕ್ಕರು. "ಯಜಮಾನ್ರೇ, ಅದಕ್ಕೆ ಹಿಡೀಗೆ ಇಬ್ರು ಬೇಕು. ಕೂಲಿನೂ ಇಬ್ರುದು ಕೊಡ್ತೀರಾ?" 12ಕ್ಕೇ ಒಪ್ಪಿದೆ. ಆದರೆ ಈ ಸಲ ತಂತಿ ಸುರುಳಿ ನಾನೇ ಕೊಂಡು ತಂದಿದ್ದೆ, ತೂಗಿಸಿ, ವರ್ನಿಯರ್ ಹಿಡಿದು. ನನಗೆ ಕೈ ಮಷೀನಿನ ಮೊದಲ ಲಾಭ ಇದೇ. ಮೋಸಕ್ಕೆ ಜಾಗ ಕಡಿಮೆ, ಎಲ್ಲ ಕಣ್ಣೆದುರೇ ನಡೆಯುತ್ತೆ.

ಎರಡನೆಯದು ನನಗೆ ಮೊದಲೇ ಹೊಳೆದಿರಲಿಲ್ಲ. ಎಳೆಯ ಉದ್ದವೇ ಬೇಲಿಯ ಎತ್ತರ ತಾನೇ? ಮೂಡಣ ಬದಿಯಲ್ಲಿ ಮಳೆನೀರು ಹರಿಯುವ ತಗ್ಗು ಒಂದಿದೆ. ಅಲ್ಲಿಗೆ ಬಂದಾಗ ಅವರು ಎಳೆಯನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡುತ್ತಾ ಏಳಡಿಗೆ ಒಯ್ದು, ದಾಟಿದ ಮೇಲೆ ಮತ್ತೆ ಐದಡಿಗೆ ಇಳಿಸಿದರು. ಬಟ್ಟೆ ಹೊಲಿದ ಹಾಗೆ ನೆಲಕ್ಕೆ ಕೂತಿತು. ತೆಂಕಣದಲ್ಲೂ ಅಂಥದ್ದೇ ತಗ್ಗು ಇದೆ. ರೋಲ್ ಅಲ್ಲಿ ಒಂದಡಿ ಮೇಲೆ ನಿಂತಿದೆ. ಕೆಳಗೆ ಕಲ್ಲು ಪೇರಿಸಿದ್ದೆ, ಹಂದಿ ಬಂದು ಎರಡು ಸಲ ಉರುಳಿಸಿ ಹೋಯಿತು. ಬಾಳೆಗೆಡ್ಡೆ ಬಗೆದು ತಿಂದಿದ್ದು ಈ ದಾರಿಯಲ್ಲೇ.

ಕೈ ಮಷೀನಿನಲ್ಲಿ ಹುಳುಕೇ ಇಲ್ಲ ಅಂತಲ್ಲ. ಬೆಳಗ್ಗೆ ಹೆಣೆದದ್ದಕ್ಕೂ ಸಂಜೆ ಹೆಣೆದದ್ದಕ್ಕೂ ವ್ಯತ್ಯಾಸ ಕಾಣುತ್ತೆ. ರಟ್ಟೆ ಸೋತ ಹಾಗೆ ಕಣ್ಣು ಸಡಿಲ. ದೂರದಿಂದ ನೋಡಿದರೆ ಬೇಲಿಯಲ್ಲಿ ಒಂದು ಅಲೆ ಇದೆ. "ಇದು ಕಾಫಿಗೆ ಮುಂಚಿನದು, ಇದು ಆಮೇಲಿನದು" ಅಂತ ನಮ್ಮನೆಯವಳು ತೋರಿಸುತ್ತಾಳೆ. ಇನ್ನೊಂದು ಜಾಸ್ತಿ ಬೇಜಾರಿನ ವಿಷಯ. ಮೊದಲ ದಿನ ಸುಮಾರು ನಲವತ್ತಡಿಯನ್ನು ಎಣ್ಣೆ ಹಾಕದೆ ಒಣಗಲೇ ತಿರುಗಿಸಿದರು. ಪಟ್ಟಿ ಉಜ್ಜಿ ತಂತಿಯ ಸತುವಿನ ಲೇಪ ಕೆರೆದುಹೋಯಿತು. ಎರಡು ಮಳೆಗಾಲಕ್ಕೆ ಅಷ್ಟು ಉದ್ದಕ್ಕೂ ಮಡಿಕೆಗಳಲ್ಲಿ ಕೆಂಪು ತುಕ್ಕು ಬಂದಿದೆ. ಆಮೇಲೆ ಸುರುಳಿ ಸಂದಿಗೆ ಹಳೇ ಆಯಿಲ್ ಸವರುತ್ತಾ ಹೆಣೆದ ಭಾಗ ಇನ್ನೂ ಬೆಳ್ಳಗಿದೆ. ನೀವು ಮಾಡಿಸುವುದಾದರೆ ಮೊದಲ ಎಳೆಯಿಂದಲೇ ಎಣ್ಣೆ ಹಾಕಿಸಿ, ಪಕ್ಕದಲ್ಲೇ ನಿಂತಿರಿ. ಸಮಯವೂ ಜಾಸ್ತಿ ಹಿಡಿಯುತ್ತೆ. ನಮ್ಮದು ಇನ್ನೂರಡಿ ಚಿಲ್ಲರೆ, ಹೆಣೆಯೋಕೆ ಎರಡು ದಿನ, ಕಟ್ಟೋಕೆ ಇನ್ನೊಂದು ದಿನ. ಮೂರು ಜನರ ಊಟ, ಕಾಫಿ ನಮ್ಮದೇ.

ಖರ್ಚು? ತಂತಿ, ಕೂಲಿ, ಊಟ ಎಲ್ಲ ಸೇರಿಸಿದರೂ ಕೆಜಿ ಲೆಕ್ಕದಲ್ಲಿ ರೋಲಿಗಿಂತ ಸ್ವಲ್ಪ ಕಡಿಮೆಯೇ ಬಿತ್ತು. ಅಡಿ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ, ಯಾಕಂದ್ರೆ ಇಲ್ಲಿ ತೂಕ ನಿಜವಾಗಿ ಇದೆ. ಮೆಶ್ ಕೊಳ್ಳುವಾಗ ಅಡಿಗೆ ಎಷ್ಟು ಅಂತ ಕೇಳಬೇಡಿ. ಕೆಜಿಗೆ ಎಷ್ಟು, ರೋಲ್ ಎಷ್ಟು ಕೆಜಿ ಅಂತ ಕೇಳಿ.

ಜಮೀನು ಸಪಾಟಾಗಿದ್ದು, ಉದ್ದ ಜಾಸ್ತಿ ಇದ್ದು, ತೂಗಿ ಕೊಡುವ ಅಂಗಡಿ ಸಿಕ್ಕರೆ ನಾನೂ ರೋಲೇ ತರುತ್ತೇನೆ. ಏರುತಗ್ಗಿನ ನಮ್ಮಂಥ ತುಂಡು ಜಮೀನಿಗೆ ಕೈ ಮಷೀನ್. ಸೋಲಾರ್ ಬೇಲಿ ನಾನು ಹಾಕಿಸಿಲ್ಲ, ಅದರ ಮಾತು ಬೇಡ.

ಹೋದ ಮುಂಗಾರಿನ ಗಾಳಿಗೆ ಪಕ್ಕದವರ ಹೊಂಗೆ ಕೊಂಬೆ ಮುರಿದು ಮೂಡಣ ಬೇಲಿ ಮೇಲೆ ಬಿತ್ತು. ಆರು ಎಳೆ ನಜ್ಜುಗುಜ್ಜು. ಕೈ ಮಷೀನಿನ ಹಿರಿಯರು ಹೋಗುವಾಗ ಹತ್ತು ಎಳೆ ಜಾಸ್ತಿ ತಿರುಗಿಸಿ ಕೊಟ್ಟು, "ಇಟ್ಕೊಂಡಿರಿ, ಬೇಕಾಗುತ್ತೆ" ಅಂದಿದ್ದರು. ತುದಿಯ ಮಡಿಕೆ ಇಕ್ಕಳದಿಂದ ಬಿಡಿಸಿ, ಸ್ಕ್ರೂ ತಿರುಗಿಸಿದ ಹಾಗೆ ಹಳೆಯದನ್ನು ಹೊರಗೆ ತೆಗೆದು ಹೊಸದನ್ನು ಒಳಗೆ ಬಿಟ್ಟೆ. ಅರ್ಧ ಗಂಟೆಯ ಕೆಲಸ. ಉಳಿದ ನಾಲ್ಕು ಎಳೆ ಪಂಪ್‌ಮನೆ ಗೋಡೆಗೆ ನೇತುಹಾಕಿದ್ದೇನೆ.